ಕಾಪಿ ಆಯ್ತು ಅಂದರೆ ಏನಾಯ್ತು?

ಹೋದ ತಿಂಗಳು ಈ ಅಂಕಣದ ಕೊನೆಯಲ್ಲಿ, ಹಳೇ ಹಾರ್ಡ್‌ಡಿಸ್ಕನ್ನು ಖಾಲಿ ಮಾಡುವ ಮೊದಲು ಹೊಸದರಲ್ಲಿ ನಾಲ್ಕು ಫೈಲಾದರೂ ತೆರೆದು ನೋಡಿ ಅಂತ ಒಂದು ಸಾಲು ಬರೆದಿದ್ದೆ. ಅಚ್ಚಾಗಿ ಹದಿನೈದು ದಿನ ಆಗಿಲ್ಲ, ಚೀಲದ ತುಂಬ ಪತ್ರ. ಹೆಚ್ಚಿನವು 'ನೋಡಿದೆ, ತೆರೀಲಿಲ್ಲ, ಈಗೇನು ಮಾಡಲಿ' ಅನ್ನುವ ಜಾತಿಯವು. ಅದಕ್ಕೇ ಈ ಸಲ ಪ್ರಿಂಟರು, ಮೊಬೈಲು, ಪಾಸ್‌ವರ್ಡ್ ಮರೆತವರೆಲ್ಲ ಒಂದು ತಿಂಗಳು ಕಾಯಬೇಕು. ಇದು ಪೂರ್ತಿ ಕಾಪಿ ಮಾಡುವವರ ಸಂಚಿಕೆ.

ಪ್ರಶ್ನೆ: ನಾನು ಮದುವೆ ಫೋಟೊ ತೆಗೆಯುವವನು. 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್ ತುಂಬಿತು ಅಂತ ಹೊಸ 2 ಟಿಬಿ ತಂದು ಎಲ್ಲ ಕಾಪಿ ಮಾಡಿ, ಹಳೆಯದನ್ನು ಫಾರ್ಮ್ಯಾಟ್ ಹೊಡೆದು ಬಳಸುತ್ತಿದ್ದೇನೆ. ಮೊನ್ನೆ ಒಬ್ಬರು ಆಲ್ಬಂ ಇನ್ನೊಂದು ಪ್ರತಿ ಬೇಕು ಅಂದರು. ತೆರೆದರೆ ಕೆಲವು ಫೋಟೊ ಮೇಲರ್ಧ ಸರಿಯಿದೆ, ಕೆಳಗೆ ಬರೀ ಬೂದಿ ಬಣ್ಣ. ಹೊರಗಿನಿಂದ ಚಿಕ್ಕ ಚಿತ್ರ ಚೆನ್ನಾಗೇ ಕಾಣುತ್ತದೆ. ಕಾಪಿ ಆಗುವಾಗ ಒಂದೇ ಒಂದು ಎರರ್ ಬಂದಿರಲಿಲ್ಲ. — ಹಾವೇರಿಯ ಓದುಗರು

ಮೊದಲು ತುರ್ತಿನದು. ಆ ಹಳೇ 1 ಟಿಬಿಯನ್ನು ಈ ಕ್ಷಣವೇ ಬಳಸುವುದು ನಿಲ್ಲಿಸಿ. ಕ್ವಿಕ್ ಫಾರ್ಮ್ಯಾಟ್ ಆಗಿದ್ದರೆ ನಿಮ್ಮ ಫೋಟೊಗಳು ಅಳಿದಿಲ್ಲ, ಯಾವ ಫೈಲು ಎಲ್ಲಿದೆ ಅನ್ನುವ ಸೂಚಿಪುಟ ಮಾತ್ರ ಹರಿದುಹೋಗಿದೆ. ಮೇಲೆ ಹೊಸ ಫೈಲು ಬರೆದುಕೊಂಡಷ್ಟು ಜಾಗ ಹೋಯಿತು, ಉಳಿದದ್ದು ಇನ್ನೂ ಇದೆ. ಫೋಟೊರೆಕ್ ಅಂತ ಉಚಿತ ತಂತ್ರಾಂಶ ಇದೆ, ಅದಕ್ಕೆ ಸೂಚಿಪುಟ ಬೇಡ, ಡಿಸ್ಕಿನ ಉದ್ದಕ್ಕೂ ಓದಿ ಫೋಟೊದ ಗುರುತು ಕಂಡಲ್ಲಿ ಎತ್ತಿಕೊಡುತ್ತದೆ. ಜೆಪೆಗ್, ಅಂದರೆ ಮಾಮೂಲಿ ಫೋಟೊ ಫೈಲಿನ ಮೊದಲ ಎರಡು ಬೈಟು (ಫೈಲಿನೊಳಗಿನ ಒಂದೊಂದು ಸಂಖ್ಯೆ, 0ಯಿಂದ 255ರವರೆಗೆ) ಯಾವಾಗಲೂ 255, 216. ಮುಗಿಯುವುದು 255, 217ರಲ್ಲಿ. ಆ ಗುರುತು ಹಿಡಿದೇ ಅದು ಹುಡುಕುವುದು. ಎತ್ತಿದ್ದನ್ನು ಮೂರನೆಯ ಡಿಸ್ಕಿಗೆ ಹಾಕಿ, ತಪ್ಪಿಯೂ ಅದೇ ಡಿಸ್ಕಿಗೆ ಬೇಡ. ಫೈಲುಗಳ ಹೆಸರು ಬರುವುದಿಲ್ಲ, ಒಂದು ವಾರ ಕೂತು ವಿಂಗಡಿಸಬೇಕು. ರಾ ಫೈಲುಗಳು (ಕ್ಯಾಮೆರಾ ಕಂಡದ್ದನ್ನು ಕಚ್ಚಾ ರೂಪದಲ್ಲೇ ಇಟ್ಟವು) ಹಾಳಾಗಿದ್ದರೆ ಅವುಗಳ ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿಟ್ಟ ಒಂದು ಜೆಪೆಗ್ ಇರುತ್ತದೆ, ಆಲ್ಬಮ್ಮಿನ ಸಣ್ಣ ಪ್ರಿಂಟಿಗೆ ಎಷ್ಟೋ ಸಲ ಅದೇ ಸಾಕಾಗುತ್ತದೆ.

ಚಿಕ್ಕ ಚಿತ್ರ ಚೆನ್ನಾಗಿ ಕಾಣುವುದಕ್ಕೆ ಮೋಸಹೋಗಬೇಡಿ. ಅದು ಜೆಪೆಗ್‌ನ ತಲೆಯ ಹತ್ತಿರವೇ ಅಂಟಿಸಿಟ್ಟ ಬೇರೆ ಪುಟ್ಟ ಚಿತ್ರ, ಇಲ್ಲವೇ ವಿಂಡೋಸ್ ಹಿಂದೆಂದೋ ಮಾಡಿಟ್ಟುಕೊಂಡದ್ದು. ಕೆಳಗಿನ ಅಸಲು ಚಿತ್ರ ಅರ್ಧ ತುಂಡಾದರೂ ಅದು ನಗುತ್ತಲೇ ಇರುತ್ತದೆ.

ಇನ್ನು ನಿಮ್ಮ ನಿಜವಾದ ಪ್ರಶ್ನೆ: ಎರರ್ ಬರಲಿಲ್ಲ, ಆದರೂ ಹೀಗೇಕೆ?

ಓಲೆಗರಿ ನಕಲು ಮಾಡುತ್ತಿದ್ದ ಲಿಪಿಕಾರರು ಕೊನೆಯ ಗರಿಯಲ್ಲಿ ಒಂದು ಶ್ಲೋಕ ಬರೆದು ಕೈತೊಳೆದುಕೊಳ್ಳುತ್ತಿದ್ದರು: 'ಯಾದೃಶಂ ಪುಸ್ತಕಂ ದೃಷ್ಟ್ವಾ ತಾದೃಶಂ ಲಿಖಿತಂ ಮಯಾ.' ಪುಸ್ತಕ ಹೇಗೆ ಕಂಡಿತೋ ಹಾಗೆ ಬರೆದಿದ್ದೇನೆ, ಸರಿಯಿರಲಿ ತಪ್ಪಿರಲಿ, ದೋಷ ನನ್ನದಲ್ಲ. ವಿಂಡೋಸಿನ ಹಸಿರು ಪಟ್ಟಿ ತುಂಬಿ ಮಾಯವಾಗುತ್ತದಲ್ಲ, ಅದು ಹೇಳುವುದು ಇಷ್ಟನ್ನೇ. ಓದಿದೆ, ಬರೆ ಅಂತ ಡಿಸ್ಕಿಗೆ ಕೊಟ್ಟೆ, ಡಿಸ್ಕು ಹೂಂ ಅಂದಿತು. ಬರೆದದ್ದನ್ನು ತಿರುಗಿ ಓದಿ ಅಸಲಿನ ಜೊತೆ ತಾಳೆ ನೋಡಿದೆ ಅಂತ ಅದು ಎಲ್ಲಿಯೂ ಹೇಳುವುದಿಲ್ಲ, ಯಾಕೆಂದರೆ ನೋಡಿರುವುದಿಲ್ಲ.

ಆ ಶ್ಲೋಕದ ಬೆಲೆ ನನಗೆ ತಿಳಿದದ್ದು ಕೈಸುಟ್ಟುಕೊಂಡೇ. ನಮ್ಮ ಮಾವನವರಿಗೆ ತಾಳಮದ್ದಳೆ ಹುಚ್ಚು. ಎಲ್ಲಿ ಕೂಟ ಇದ್ದರೂ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರುವವರು. ಅವರು ಹೋದ ಮೇಲೆ ಅಟ್ಟದಿಂದ ಇಳಿಸಿದಾಗ 180 ಕ್ಯಾಸೆಟ್ಟು. ಸಾಗರದಲ್ಲಿ ನನ್ನದು ಡಿಟಿಪಿ ಅಂಗಡಿ, ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಹಾಕಿಕೊಡುವ ಕೆಲಸವೂ ಇತ್ತು. 2013ರ ಮಳೆಗಾಲ ಪೂರ್ತಿ ಕೂತು ಎಲ್ಲವನ್ನೂ ವೇವ್ ಫೈಲು ಮಾಡಿದೆ. ಗಂಟೆಯ ಕ್ಯಾಸೆಟ್ಟಿಗೆ 600 ಎಂಬಿ, ಒಟ್ಟು 110 ಜಿಬಿ ಹತ್ತಿರ. ಅಂಗಡಿಯ ಕಂಪ್ಯೂಟರಿನಿಂದ ಒಂದು ಎಕ್ಸ್‌ಟರ್ನಲ್ಲಿಗೆ, ಅದರಿಂದ ಇನ್ನೊಂದಕ್ಕೆ. ಎರಡೂ ಸಲ ಹಸಿರು ಪಟ್ಟಿ ತುಂಬಿತು. ಮೊದಲಿನದನ್ನೆಲ್ಲ ಅಳಿಸಿ ಜಾಗ ಮಾಡಿಕೊಂಡೆ. ಗಿರಾಕಿಗಳ ಕೆಲಸಕ್ಕೆ ಜಾಗ ಬೇಕಿತ್ತು, ಏನು ಮಾಡುವುದು.

ಮೂರು ವರ್ಷದ ಮೇಲೆ ಮೈದುನ ಕೇಳುತ್ತ ಕೂತವನು 'ಅತ್ತಿಗೆ, ಇಲ್ಲೊಂದು ಟಕ್ ಅನ್ನುತ್ತೆ' ಅಂದ. ಕ್ಯಾಸೆಟ್ಟಿನದೇ ಇರಬೇಕು ಅಂದೆ. ಇನ್ನೊಂದರಲ್ಲೂ ಟಕ್. ಮದ್ದಳೆ ಜೋರಾಗಿದ್ದಲ್ಲಿ ಏನೂ ಇಲ್ಲ, ಅರ್ಥಧಾರಿ ಒಂದು ಮಾತು ಮುಗಿಸಿ ಉಸಿರು ಎಳೆದುಕೊಳ್ಳುವ ಆ ಮೌನದಲ್ಲಿ ಸರಿಯಾಗಿ ಟಕ್. ಅದೃಷ್ಟಕ್ಕೆ ಶಿರಸಿಯ ನೆಂಟರಿಗೆ ಮೊದಲೇ 40 ಫೈಲು ಡಿವಿಡಿಗೆ ಬರೆದುಕೊಟ್ಟಿದ್ದೆ. ತರಿಸಿ, ಎರಡು ಪ್ರತಿಯನ್ನೂ ಬೈಟಿಗೆ ಬೈಟು ಹೋಲಿಸಿದೆ. ವಿಂಡೋಸಿನಲ್ಲಿ ಎಫ್‌ಸಿ ಅಂತ ಹಳೇ ಕಮಾಂಡು ಇದೆ, ವ್ಯತ್ಯಾಸ ಇರುವ ಜಾಗ ಎಲ್ಲ ಪಟ್ಟಿ ಮಾಡಿ ಕೊಡುತ್ತದೆ. ಡಿವಿಡಿಯಲ್ಲಿ 2 ಇದ್ದಲ್ಲಿ ಡಿಸ್ಕಿನಲ್ಲಿ 18. 5 ಇದ್ದಲ್ಲಿ 21. 12 ಇದ್ದಲ್ಲಿ 28. ಪುಟಗಟ್ಟಲೆ ಅಲ್ಲ, ಒಂದು ಫೈಲಿಗೆ ಮೂರೋ ನಾಲ್ಕೋ, ಕೆಲವಕ್ಕೆ ಸೊನ್ನೆ. ಆದರೆ ಎಲ್ಲಿ ನೋಡಿದರೂ ವ್ಯತ್ಯಾಸ ಸರಿಯಾಗಿ 16. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಡಿಸ್ಕು ಹಾಳಾದರೆ ಹೀಗೆ ಲೆಕ್ಕ ಇಟ್ಟು ಹಾಳಾಗುವುದಿಲ್ಲ. ಅದು ತುಂಡುತುಂಡೇ ನುಂಗುತ್ತದೆ. ಒಂದು ಬೈಟಿನಲ್ಲಿ ಸೊನ್ನೆಯೋ ಒಂದೋ ಆಗಿರುವ ಎಂಟು ಬಿಟ್ಟು, ಅವುಗಳಲ್ಲಿ ಒಂದರ ಬೆಲೆ 16. ಪ್ರತಿ ಸಲ ಅದೇ ಒಂದು ಬಿಟ್ಟು, ಅದೂ ಸೊನ್ನೆ ಇದ್ದದ್ದು ಒಂದಾಗುತ್ತಿದೆ ಅಂದರೆ ಕಳ್ಳ ಡಿಸ್ಕಲ್ಲ, ಕಂಪ್ಯೂಟರು ಕೆಲಸದ ಹೊತ್ತಿಗೆ ಮಾಹಿತಿ ಇಟ್ಟುಕೊಳ್ಳುವ ಮೆಮೊರಿ, ಅಂದರೆ ರ‍್ಯಾಮು. ರಾತ್ರಿ ಮೆಮ್‌ಟೆಸ್ಟ್86 ಅನ್ನುವ ಮೆಮೊರಿ ಪರೀಕ್ಷೆ ಹಾಕಿ ಮಲಗಿದೆ, ಬೆಳಿಗ್ಗೆ ಪರದೆ ತುಂಬ ಕೆಂಪು. ಎರಡು ಕಡ್ಡಿಯಲ್ಲಿ ಒಂದರಲ್ಲಿ, ಒಂದೇ ಒಂದು ಮನೆಯಲ್ಲಿ, ಸೊನ್ನೆ ನಿಲ್ಲುತ್ತಿರಲಿಲ್ಲ. ಈ ಡಿಸ್ಕಿನಿಂದ ಆ ಡಿಸ್ಕಿಗೆ ಹೋಗುವ ಪ್ರತಿ ಫೈಲೂ ರ‍್ಯಾಮಿನ ಅಂಗಳ ದಾಟಿಯೇ ಹೋಗಬೇಕು, ಆ ಮನೆಯ ಮೇಲೆ ಕಾಲಿಟ್ಟ ಬೈಟಿಗೆ 16 ಅಂಟಿಕೊಂಡಿತು. ಓದಿದ ಡಿಸ್ಕು ಸರಿ, ಬರೆದ ಡಿಸ್ಕೂ ಸರಿ. ಕೊಟ್ಟದ್ದನ್ನು ನಿಷ್ಠೆಯಿಂದ ಬರೆದುಕೊಂಡಿತು.

ನನ್ನಂಥ ಡಿಟಿಪಿ ಅಂಗಡಿಯ ಕಥೆ ಬಿಡಿ, ಜಿನೀವಾ ಹತ್ತಿರದ ಸರ್ನ್ ಭೌತವಿಜ್ಞಾನ ಕೇಂದ್ರದವರು ತಮ್ಮ 3000ಕ್ಕೂ ಹೆಚ್ಚು ಕಂಪ್ಯೂಟರುಗಳಲ್ಲಿ 2 ಜಿಬಿ ಫೈಲು ಬರೆದು ತಿರುಗಿ ಓದುವ ಪರೀಕ್ಷೆ ಇಟ್ಟಿದ್ದರು. 2007ರ ಅವರ ವರದಿಯ ಪ್ರಕಾರ 5 ವಾರದಲ್ಲಿ 100 ಯಂತ್ರಗಳಲ್ಲಿ 500 ತಪ್ಪು. ಯಾವುದಕ್ಕೂ ಯಂತ್ರ ಚಕಾರ ಎತ್ತಿರಲಿಲ್ಲ.

ನಿಮ್ಮ ಬೂದಿ ಬಣ್ಣ ಬೇರೆ ಬಗೆಯದು, ಅದು ರ‍್ಯಾಮಿನ ಕೈವಾಡವಲ್ಲ ಅನ್ನಿಸುತ್ತದೆ. ಜೆಪೆಗ್‌ನಲ್ಲಿ ಒಂದು ಬಿಟ್ಟು ಕೆಟ್ಟರೆ ಸಾಮಾನ್ಯವಾಗಿ ಅಲ್ಲಿಂದ ಕೆಳಗೆ ಬಣ್ಣ ಓಲಾಡುತ್ತದೆ, ಚಿತ್ರ ಪಕ್ಕಕ್ಕೆ ಜರುಗುತ್ತದೆ. ಸಪಾಟು ಬೂದಿ ಅಂದರೆ ಅಲ್ಲಿಂದಾಚೆ ಮಾಹಿತಿಯೇ ಇಲ್ಲ, ಸೊನ್ನೆ ತುಂಬಿದೆ. ಬರೆಯುವುದು ಮುಗಿಯುವ ಮೊದಲೇ ಡಿಸ್ಕಿಗೆ ಕರೆಂಟು ತಪ್ಪಿರಬೇಕು, ಅಥವಾ ಹಳೇ ಡಿಸ್ಕಿನಲ್ಲೇ ಅವು ಹಾಗೇ ಇದ್ದಿರಬೇಕು. ಎರಡನೆಯದು ನಿಜವಾದರೆ ನೀವು ಹಾಳಾದದ್ದನ್ನು ಅಚ್ಚುಕಟ್ಟಾಗಿ ನಕಲು ಮಾಡಿದ್ದೀರಿ.

ಮುಂದೆ ಹೀಗಾಗದ ಹಾಗೆ ಏನು ಮಾಡಬೇಕು ಅಂದರೆ: ತಾಳೆ ನೋಡಬೇಕು. ಡಿಟಿಪಿಯವರಿಗೆ ಕರಡು ತಿದ್ದುವುದು ಗೊತ್ತು. ಒಬ್ಬರು ಹಸ್ತಪ್ರತಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಿನ ಮೇಲೆ ಬೆರಳಿಡಬೇಕು. ಫೈಲಿನಲ್ಲಿ ಇದನ್ನು ಮಾಡುವುದು ಹ್ಯಾಶ್. ಫೈಲಿನ ಪ್ರತಿ ಬೈಟನ್ನೂ ಅರೆದು ಕೊನೆಗೆ ಒಂದು ಉದ್ದನೆ ಗುರುತು ತೆಗೆಯುತ್ತದೆ. ಶಾ-256 ಅನ್ನುವ ಬಗೆಯಲ್ಲಿ ಅದು 64 ಅಕ್ಷರ, ಫೈಲು ಒಂದು ಪುಟವಿರಲಿ, ಮೂರು ಗಂಟೆಯ ವಿಡಿಯೊ ಇರಲಿ. ಒಳಗೆ ಒಂದೇ ಬಿಟ್ಟು ಬದಲಾದರೂ 64 ಅಕ್ಷರವೂ ಗುರುತು ಸಿಗದ ಹಾಗೆ ಕಲಸಿಹೋಗುತ್ತದೆ. ಅಸಲಿನದ್ದೂ ನಕಲಿನದ್ದೂ ಒಂದೇ ಬಂದರೆ ಫೈಲೂ ಒಂದೇ.

ಕಮಾಂಡು ಬರೆಯುವ ಪಾಡು ಬೇಡ. 7-ಜಿಪ್ ಹಾಕಿಕೊಂಡಿದ್ದರೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಸಿಆರ್‌ಸಿ ಶಾ ಅಂತ ಒಂದು ಸಾಲು ಬರುತ್ತದೆ, ಅದರೊಳಗೆ ಶಾ-256. ಫೋಲ್ಡರುಗಟ್ಟಲೆ ಕೆಲಸಕ್ಕೆ ನಾನು ಬಳಸುವುದು ಟೆರಾಕಾಪಿ, ಅದರಲ್ಲಿ ವೆರಿಫೈ ಅನ್ನುವುದನ್ನು ಟಿಕ್ ಮಾಡಿದರೆ ಕಾಪಿ ಆದಮೇಲೆ ಎರಡನ್ನೂ ತಾನೇ ತಾಳೆ ನೋಡಿ ಹೊಂದದ್ದನ್ನು ತೋರಿಸುತ್ತದೆ. ಹಿಂದೆ ಯಾವಾಗಲೋ ಮಾಡಿದ ಕಾಪಿಗೆ ಫ್ರೀಫೈಲ್‌ಸಿಂಕ್, ಅದರಲ್ಲಿ ಹೋಲಿಕೆಯ ರೀತಿಯನ್ನು 'ಫೈಲಿನ ಒಳಗಿನದು' ಅಂತ ಆರಿಸಿ. ಮೊದಲಿಗೆ ಅದು ಬರೀ ಗಾತ್ರ ಮತ್ತು ದಿನಾಂಕ ನೋಡುತ್ತದೆ, ಅದರಿಂದ ನಮಗೆ ಉಪಯೋಗವಿಲ್ಲ.

ಒಂದು ಕಿವಿಮಾತು ಇಲ್ಲಿಯೇ. ಕಾಪಿ ಆದ ತಕ್ಷಣ ತಾಳೆ ನೋಡಿದರೆ ಕಂಪ್ಯೂಟರು ಡಿಸ್ಕಿನಿಂದ ಓದದೆ, ಈಗಷ್ಟೇ ಬರೆದದ್ದು ಇನ್ನೂ ರ‍್ಯಾಮಿನಲ್ಲಿ ಇರುವುದರಿಂದ ಅಲ್ಲಿಂದಲೇ ಎತ್ತಿ ಕೊಡಬಹುದು. ತನ್ನ ಉತ್ತರಪತ್ರಿಕೆಗೆ ತಾನೇ ಅಂಕ ಹಾಕಿಕೊಂಡ ಹಾಗೆ. ಡಿಸ್ಕನ್ನು ಕ್ರಮವಾಗಿ ಹೊರತೆಗೆದು, ಕೇಬಲ್ಲು ಕಿತ್ತು, ಮತ್ತೆ ಹಾಕಿ ಆಮೇಲೆ ತಾಳೆ ನೋಡಿ. ಬೆಲೆಬಾಳುವುದಾದರೆ ಇನ್ನೊಬ್ಬರ ಕಂಪ್ಯೂಟರಿಗೆ ಹಾಕಿ ನೋಡಿ. ನನ್ನ ಹಾಗೆ ರ‍್ಯಾಮೇ ಕೆಟ್ಟಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಅದಾಗುವವರೆಗೆ ಹಳೆಯದನ್ನು ಮುಟ್ಟಬೇಡಿ. ಈ ಪತ್ರಕ್ಕೆ ಇಷ್ಟು ಜಾಗ ಕೊಟ್ಟಿದ್ದು ಆ ಕೊನೇ ವಾಕ್ಯಕ್ಕೋಸ್ಕರ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಎರಡೂ ಡಿಸ್ಕಿನ ಪ್ರಾಪರ್ಟೀಸ್ ತೆರೆದು ನೋಡುತ್ತೇನೆ, ಗಾತ್ರ ಒಂದೇ ಇದ್ದರೆ ಕಾಪಿ ಸರಿಯಾಗಿದೆ ಅಂದುಕೊಳ್ಳುತ್ತೇನೆ. ಈ ಸಲ ಒಂದು ಸಾಲು ಹೊಂದುತ್ತದೆ, ಕೆಳಗಿನ 'ಸೈಜ್ ಆನ್ ಡಿಸ್ಕ್' ಅನ್ನುವುದು ಎಷ್ಟೋ ಜಿಬಿ ಹೆಚ್ಚು ತೋರಿಸುತ್ತಿದೆ. ಎಲ್ಲಿ ತಪ್ಪಾಯಿತು? — ಚಿತ್ರದುರ್ಗದ ಓದುಗರು

ತಪ್ಪಾಗಿಲ್ಲ ಟೀಚರ್. ಫೈಲು ಜೋಡಿಸಿಡುವ ಪದ್ಧತಿ ಎರಡು ಡಿಸ್ಕಿನಲ್ಲೂ ಬೇರೆ ಬೇರೆ. ಎರಡನೇ ಡಿಸ್ಕು ಎಕ್ಸ್‌ಫ್ಯಾಟ್ ಇರಬೇಕು, ಮೊದಲಿನದು ಎನ್‌ಟಿಎಫ್‌ಎಸ್. ದೊಡ್ಡ ಡಿಸ್ಕನ್ನು ವಿಂಡೋಸ್ ಎಕ್ಸ್‌ಫ್ಯಾಟ್ ಮಾಡುವಾಗ ಅದರ ಜಾಗವನ್ನು 128 ಕೆಬಿಯ ಖಾನೆಗಳಾಗಿ ಕತ್ತರಿಸುತ್ತದೆ, ಎನ್‌ಟಿಎಫ್‌ಎಸ್‌ನಲ್ಲಿ ಸಾಮಾನ್ಯವಾಗಿ 4 ಕೆಬಿ. ಒಂದು ಖಾನೆಯಲ್ಲಿ ಎರಡು ಫೈಲು ಕೂರುವ ಹಾಗಿಲ್ಲ. ನಿಮ್ಮ 1 ಕೆಬಿಯ ಚೀಟಿಗೂ 128 ಕೆಬಿಯ ಡಬ್ಬಿ. ಮಕ್ಕಳ ಸಣ್ಣಸಣ್ಣ ಫೈಲು ಸಾವಿರಾರು ಇದ್ದರೆ ಡಬ್ಬಿಯ ಲೆಕ್ಕ ಏರುತ್ತದೆ. ನೋಡಬೇಕಾದದ್ದು ಮೇಲಿನ 'ಸೈಜ್' ಮಾತ್ರ, ಬೈಟುಗಳಲ್ಲಿ, ಜೊತೆಗೆ ಫೈಲುಗಳ ಸಂಖ್ಯೆ.

ಆದರೆ ಗಾತ್ರ ಹೊಂದಿದರೆ ಕಾಪಿ ಸರಿ ಅನ್ನುವ ಮೊದಲಿನ ಮಾತು ಇದೆಯಲ್ಲ, ತಪ್ಪು ಇರುವುದು ಅಲ್ಲಿ. ಹಳೇ ಲಿಪಿಕಾರರು 32 ಅಕ್ಷರಕ್ಕೆ ಒಂದು ಗ್ರಂಥ ಅಂತ ಎಣಿಸಿ, ಕೊನೆಗೆ ಗ್ರಂಥಸಂಖ್ಯೆ ಬರೆಯುತ್ತಿದ್ದರು. ಒಂದು ಗರಿ ಬಿಟ್ಟುಹೋದರೆ ಆ ಎಣಿಕೆಯಲ್ಲಿ ಸಿಕ್ಕಿಬೀಳುತ್ತದೆ. 'ಮಳೆ' ಇದ್ದಲ್ಲಿ 'ಬಳೆ' ಬರೆದಿದ್ದರೆ? ಎಣಿಕೆ ಸರಿಯಾಗೇ ಇರುತ್ತದೆ. ಮೇಲೆ ಹೇಳಿದ ನನ್ನ 180 ಫೈಲಿನಲ್ಲಿ ಒಂದರ ಗಾತ್ರವೂ ಒಂದು ಬೈಟು ಹೆಚ್ಚುಕಮ್ಮಿ ಇರಲಿಲ್ಲ. ಗಾತ್ರ ನೋಡಿ, ಬೇಡ ಅನ್ನುವುದಿಲ್ಲ, ಅದು ಮೊದಲನೇ ಜರಡಿ. ಎರಡನೆಯದು ಹ್ಯಾಶ್.

ಇದೇ ಪತ್ರದ ಹಿಂಬದಿಯಲ್ಲಿ ಕೇಳಿದ್ದೀರಿ: 1 ಟಿಬಿ ತಂದರೆ 931 ಜಿಬಿ ತೋರಿಸುತ್ತದೆ, ಅಂಗಡಿಯವನು ಮೋಸ ಮಾಡಿದನೇ ಅಂತ. ಇಲ್ಲ. ಡಿಸ್ಕು ಮಾಡಿದವನು ಸಾವಿರದ ಲೆಕ್ಕ ಎಣಿಸಿದ, ವಿಂಡೋಸ್ 1024ರ ಲೆಕ್ಕ ಎಣಿಸುತ್ತದೆ. ಇಬ್ಬರೂ ಹಟಮಾರಿಗಳು.

ಪ್ರಶ್ನೆ: ಕಾಪಿ ಮುಗಿದ ಮೇಲೂ 'ಸೇಫ್ಲಿ ರಿಮೂವ್' ಮಾಡಲೇಬೇಕೆ? ನಾನು ಹತ್ತು ವರ್ಷದಿಂದ ಹಾಗೇ ಕೀಳುತ್ತಿದ್ದೇನೆ, ಏನೂ ಆಗಿಲ್ಲ. — ಹೊಸಪೇಟೆಯ ಓದುಗರು

ಹೆಲ್ಮೆಟ್ ಇಲ್ಲದೆ ಹತ್ತು ವರ್ಷ ಓಡಿಸಿದವರೂ ಇದನ್ನೇ ಹೇಳುತ್ತಾರೆ.

2018ರ ಅಕ್ಟೋಬರಿನ ವಿಂಡೋಸ್ 10 ಅಪ್‌ಡೇಟ್, ಅಂದರೆ 1809ರಿಂದ, ಹೊರಗಿನ ಡಿಸ್ಕುಗಳಿಗೆ 'ಕ್ವಿಕ್ ರಿಮೂವಲ್' ಅನ್ನುವುದೇ ತಾನಾಗಿ ಇರುವ ಆಯ್ಕೆ. ಬರೆಯಬೇಕಾದದ್ದನ್ನು ವಿಂಡೋಸ್ ತನ್ನಲ್ಲಿ ಕೂಡಿಟ್ಟುಕೊಳ್ಳದೆ ಬೇಗ ಸಾಗಿಸುತ್ತದೆ. ಹಾಗಾಗಿ ನಿಮ್ಮ ಅದೃಷ್ಟಕ್ಕೆ ಒಂದು ಕಾರಣ ಇದೆ. ಆದರೆ ಡಿಸ್ಕಿನ ಒಳಗೂ ಅದರದ್ದೇ ಒಂದು ಸಣ್ಣ ಮೆಮೊರಿ ಇರುತ್ತದೆ, ಅದು ಹೂಂ ಅಂದ ಮೇಲೂ ಒಳಗೆ ಬರೆಯುತ್ತ ಇರಬಹುದು. ದೀಪ ಮಿನುಗುತ್ತಿದೆಯೇ ನೋಡಿ. ಎಕ್ಸ್‌ಫ್ಯಾಟ್ ಡಿಸ್ಕಾದರೆ ಇನ್ನೂ ಜೋಪಾನ. ಎನ್‌ಟಿಎಫ್‌ಎಸ್ ತಾನು ಏನು ಮಾಡಹೊರಟೆ ಅಂತ ಒಂದು ದಿನಚರಿ ಇಟ್ಟುಕೊಂಡಿರುತ್ತದೆ, ಮಧ್ಯೆ ಕರೆಂಟು ಹೋದರೆ ಮುಂದಿನ ಸಲ ಅದನ್ನು ಓದಿ ಸೂಚಿಪುಟವನ್ನು ಸರಿಮಾಡಿಕೊಳ್ಳುತ್ತದೆ. ಎಕ್ಸ್‌ಫ್ಯಾಟ್‌ಗೆ ಆ ದಿನಚರಿ ಇಲ್ಲ. ಸೂಚಿಪುಟ ಬರೆಯುವ ಗಳಿಗೆಯಲ್ಲೇ ಕಿತ್ತರೆ ಒಂದು ಫೈಲಲ್ಲ, ಫೋಲ್ಡರಿಗೆ ಫೋಲ್ಡರೇ ಹೋಗಬಹುದು. ಹಾಗಂತ ಎನ್‌ಟಿಎಫ್‌ಎಸ್‌ನವರು ಬೀಗುವುದು ಬೇಡ. ಆ ದಿನಚರಿ ಕಾಯುವುದು ಸೂಚಿಯನ್ನು, ನಿಮ್ಮ ಫೈಲಿನ ಒಳಗನ್ನಲ್ಲ.

ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗುವುದು ಹೇಳಿ ಹೋಗುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಮಾಡಿ, ಬ್ಯಾಟರಿ ಇರುತ್ತದೆ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ದೊಡ್ಡ ಕಾಪಿಗೆ ಕೈಹಾಕಬೇಡಿ. ಮತ್ತು ದಯವಿಟ್ಟು 'ಕಟ್' ಮಾಡಿ 'ಪೇಸ್ಟ್' ಮಾಡಬೇಡಿ. ಕಾಪಿ, ತಾಳೆ, ಆಮೇಲೆ ಅಳಿಸುವುದು. ಕಟ್ ಅನ್ನುವುದು ಹೊಳೆ ದಾಟುತ್ತ ಹಿಂದಿನ ಸಂಕದ ಹಲಗೆ ಕಿತ್ತುಕೊಂಡು ಹೋದ ಹಾಗೆ.

ಪ್ರಶ್ನೆ: ಆನ್‌ಲೈನಿನಲ್ಲಿ 2 ಟಿಬಿ ಪೆನ್‌ಡ್ರೈವ್ 700 ರೂಪಾಯಿಗೆ ಸಿಕ್ಕಿತು. ಸಿನಿಮಾ, ಭಜನೆ ಎಲ್ಲ ಹಾಕಿದೆ. ಮೊದಲು ಹಾಕಿದವು ಓಡುತ್ತವೆ, ಆಮೇಲಿನವು ಹೆಸರು ಮಾತ್ರ ಇವೆ, ಓಡುವುದಿಲ್ಲ. ಕೇಬಲ್ ಸಮಸ್ಯೆಯೇ? — ಬಂಟ್ವಾಳದ ಓದುಗರು

ಪೆನ್‌ಡ್ರೈವಿಗೆ ಕೇಬಲ್ಲೇ ಇಲ್ಲವಲ್ಲ ಮಾರಾಯರೆ.

ಅದು 2 ಟಿಬಿ ಅಲ್ಲ. ಒಳಗಿರುವುದು 32 ಜಿಬಿಯೋ 64 ಜಿಬಿಯೋ ಚಿಪ್ಪು, ಕಂಪ್ಯೂಟರು ಕೇಳಿದಾಗ '2 ಟಿಬಿ' ಅಂತ ಸುಳ್ಳು ಹೇಳುವ ಹಾಗೆ ತಿದ್ದಿದ್ದಾರೆ. ನಿಜವಾದ ಜಾಗ ತುಂಬಿದ ಮೇಲೆ ಬಂದದ್ದನ್ನು ಅದು ಗಾಳಿಗೆ ತೂರುತ್ತದೆ, ಅಥವಾ ಮೊದಲಿನದರ ಮೇಲೇ ಬರೆಯುತ್ತದೆ. ಹೆಸರುಗಳಿಗೆ ಜಾಗ ಬೇಕಾದದ್ದು ಸ್ವಲ್ಪ, ಅವು ಉಳಿಯುತ್ತವೆ. ಪರೀಕ್ಷಿಸಲು ಎಚ್2ಟೆಸ್ಟ್‌ಡಬ್ಲ್ಯು ಅನ್ನುವ ಸಣ್ಣ ಜರ್ಮನ್ ತಂತ್ರಾಂಶ ಇದೆ (ಮ್ಯಾಕ್, ಲಿನಕ್ಸಿನವರಿಗೆ ಎಫ್3). ಡ್ರೈವು ತುಂಬುವವರೆಗೆ ಗುರುತಿನ ಮಾಹಿತಿ ಬರೆದು ತಿರುಗಿ ಓದಿ, ಎಷ್ಟು ಜಿಬಿ ನಿಜ ಅಂತ ಹೇಳುತ್ತದೆ. ದೊಡ್ಡದಕ್ಕೆ ಒಂದು ದಿನಕ್ಕೂ ಹೆಚ್ಚು ಹಿಡಿದೀತು. ವಾಪಸು ಕೊಡುವ ಅವಧಿ ಮುಗಿಯುವ ಮೊದಲು ಮಾಡಿ. ನಾನು ಈಗ ಹೊಸ ಪೆನ್‌ಡ್ರೈವ್, ಹೊಸ ಮೆಮೊರಿ ಕಾರ್ಡ್ ಯಾವುದನ್ನೂ ಈ ಪರೀಕ್ಷೆ ಇಲ್ಲದೆ ಬಳಸುವುದಿಲ್ಲ, ಹೆಸರುವಾಸಿ ಕಂಪನಿಯ ಡಬ್ಬಿಯಲ್ಲಿ ಬಂದರೂ ಅಷ್ಟೆ. ಡಬ್ಬಿಯನ್ನೂ ನಕಲು ಮಾಡುತ್ತಾರೆ.

ಪ್ರಶ್ನೆ: ಎಕ್ಸ್‌ಟರ್ನಲ್ ಡಿಸ್ಕು ಕಾಪಿ ಮಧ್ಯೆ ಟಿಕ್ ಟಿಕ್ ಅಂದು ಮಾಯವಾಗಿ ಮತ್ತೆ ಬರುತ್ತದೆ. — ಬೀದರ್‌ನ ಓದುಗರು

ಹಸಿವು. ಸಣ್ಣ ಡಿಸ್ಕುಗಳು ಯುಎಸ್‌ಬಿಯಿಂದಲೇ ಕರೆಂಟು ಕುಡಿಯುತ್ತವೆ. ಹಳೇ ಯುಎಸ್‌ಬಿ 2 ಕೊಡುವುದು 500 ಮಿಲಿಆಂಪಿಯರ್, ಯುಎಸ್‌ಬಿ 3 ಆದರೆ 900. ತಟ್ಟೆ ತಿರುಗಲು ಶುರುವಾಗುವಾಗ ಇದಕ್ಕಿಂತ ಹೆಚ್ಚು ಕೇಳುತ್ತದೆ. ಸಿಪಿಯು ಮುಂದಿನ ತೂತಿಗೆ, ಅಗ್ಗದ ಹಬ್ಬಿಗೆ, ಎರಡು ಮೀಟರ್ ಕೇಬಲ್ಲಿಗೆ ಹಾಕಿದರೆ ಹೀಗಾಗುತ್ತದೆ. ಹಿಂದುಗಡೆಯ ತೂತಿಗೆ, ಡಬ್ಬಿಯಲ್ಲಿ ಬಂದ ಗಿಡ್ಡ ಕೇಬಲ್ಲಿನಲ್ಲಿ ಹಾಕಿ. ಆದರೂ ಟಿಕ್ ಟಿಕ್ ಅಂದರೆ ಅದು ಹಸಿವಲ್ಲ, ಕೊನೆಯುಸಿರು.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಡಿಸ್ಕಿನ ಆರೋಗ್ಯ ತೋರಿಸುವ ತಂತ್ರಾಂಶ ಹಾಕಿ ಎರಡು ಸಾಲು ನೋಡಿ: 05 ಮತ್ತು ಸಿ5. 05 ಅಂದರೆ ಡಿಸ್ಕು ಕೆಟ್ಟ ಜಾಗ ಬಿಟ್ಟು ಬದಲಿ ಜಾಗ ಕೊಟ್ಟದ್ದು, ಸಿ5 ಅಂದರೆ ಓದಲು ಬಾರದೆ ತೀರ್ಮಾನಕ್ಕೆ ಕಾದಿರುವುದು. ಕಚ್ಚಾ ಸಂಖ್ಯೆ ಸೊನ್ನೆ ಇದ್ದರೆ ನೆಮ್ಮದಿ. ದಿನದಿಂದ ದಿನಕ್ಕೆ ಏರುತ್ತಿದ್ದರೆ ಈ ಪತ್ರಿಕೆ ಕೆಳಗಿಟ್ಟು ಎದ್ದು ಹೋಗಿ ಕಾಪಿ ಶುರುಮಾಡಿ. ಸಿ7 ಏರಿದರೆ ಡಿಸ್ಕಿಗೂ ಅದರ ಡಬ್ಬಿಯೊಳಗಿನ ಜೋಡಣೆಗೂ ಮಾತು ಸರಿಹೋಗುತ್ತಿಲ್ಲ ಅಂತ. ಇನ್ನೊಂದು ಸಮಾಧಾನ: ಯುಎಸ್‌ಬಿ ಕೇಬಲ್ಲಿನಲ್ಲಿ ಹೋಗುವ ಪ್ರತಿ ಪೊಟ್ಟಣಕ್ಕೂ ತಪಾಸಣೆ ಇದೆ, ಕೆಟ್ಟರೆ ತಿರುಗಿ ಕಳಿಸುತ್ತದೆ. ಹಾಗಾಗಿ ಕೆಟ್ಟ ಕೇಬಲ್ಲು ಸಾಮಾನ್ಯವಾಗಿ ಗಲಾಟೆ ಮಾಡಿಯೇ ಕೆಡಿಸುವುದು, ಸದ್ದಿಲ್ಲದೆ ಅಲ್ಲ.

ಪ್ರಶ್ನೆ: ಡಿಸ್ಕು ಹಾಕಿದರೆ 'ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು' ಅನ್ನುತ್ತದೆ. ಚೆಕ್‌ಡಿಸ್ಕ್ ಮಾಡಿದರೆ ಸರಿಹೋಗುತ್ತೆ ಅಂತ ಪಕ್ಕದ ಹುಡುಗ ಹೇಳಿದ. — ಕೊಪ್ಪದ ಓದುಗರು

ಎರಡಕ್ಕೂ ಬೇಡ ಅನ್ನಿ. ಚೆಕ್‌ಡಿಸ್ಕ್ ಅಂದರೆ ವಿಂಡೋಸಿನದೇ ರಿಪೇರಿ ಕಮಾಂಡು. ಚೆಕ್‌ಡಿಸ್ಕಿಗೆ ಬೇಕಾಗಿರುವುದು ಸೂಚಿಪುಟ ಒಪ್ಪವಾಗುವುದು, ನಿಮ್ಮ ಫೈಲಲ್ಲ. ಯಾರದೆಂದು ತಿಳಿಯದ ತುಂಡುಗಳನ್ನು ಫೌಂಡ್.000 ಅನ್ನುವ ಫೋಲ್ಡರಿಗೆ ಗುಡಿಸಿ ಹಾಕಿ ಮನೆ ಚೊಕ್ಕ ಆಯಿತು ಅನ್ನುತ್ತದೆ. ಅಲ್ಲಿ ಸಿಗುವುದು ಹೆಸರಿಲ್ಲದ ತುಂಡುಗಳು. ಸಾಯುತ್ತಿರುವ ಡಿಸ್ಕಾದರೆ ಆ ಗುಡಿಸಾಟದಲ್ಲೇ ಸತ್ತೀತು. ಮೊದಲು ಡಿಸ್ಕಿನ ಪೂರ್ತಿ ಪ್ರತಿಯನ್ನು ಇನ್ನೊಂದಕ್ಕೆ ತೆಗೆಯಬೇಕು (ಲಿನಕ್ಸಿನ ಡಿಡಿರೆಸ್ಕ್ಯೂ ಇದಕ್ಕೆಂದೇ ಇರುವುದು, ಓದಲಾಗದ ಜಾಗವನ್ನು ಹಾರಿ ಮುಂದೆ ಹೋಗಿ ಆಮೇಲೆ ತಿರುಗಿ ಬರುತ್ತದೆ), ರಿಪೇರಿಯ ಪ್ರಯೋಗ ಏನಿದ್ದರೂ ಆ ಪ್ರತಿಯ ಮೇಲೆ. ಅಷ್ಟು ಗೊತ್ತಿಲ್ಲದಿದ್ದರೆ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಗೊತ್ತಿದ್ದವರು ಸಿಗುವವರೆಗೆ ಸುಮ್ಮನಿರಿ. ಪಕ್ಕದ ಹುಡುಗನಿಗೆ ಕಾಫಿ ಕೊಟ್ಟು ಕಳಿಸಿ.

ಪ್ರಶ್ನೆ: ತಂದೆಯವರ ಪ್ರಬಂಧಗಳನ್ನು ಹಳೇ ಕಂಪ್ಯೂಟರಿನಿಂದ ಪೆನ್‌ಡ್ರೈವಿಗೆ, ಅಲ್ಲಿಂದ ನನ್ನ ಹೊಸ ಲ್ಯಾಪ್‌ಟಾಪಿಗೆ ಹಾಕಿದೆ. ತೆರೆದರೆ ಕನ್ನಡವೇ ಇಲ್ಲ, ಎಲ್ಲ ವಿಚಿತ್ರ ಅಕ್ಷರ. ಹಳೇ ಕಂಪ್ಯೂಟರ್ ಗುಜರಿಗೆ ಹೋಯಿತು. ಎಲ್ಲ ಹಾಳಾಯಿತೇ? — ಮೈಸೂರಿನ ಓದುಗರು

ಹಾಳಾಗಿಲ್ಲ! ಈ ತಿಂಗಳ ಅಷ್ಟೂ ಪತ್ರಗಳಲ್ಲಿ ಸಂತೋಷದಿಂದ ಉತ್ತರ ಬರೆಯುತ್ತಿರುವುದು ಇದೊಂದಕ್ಕೆ.

ನೀವು ಕಳಿಸಿದ ಪ್ರಿಂಟ್ ನೋಡಿದೆ. ಇಂಗ್ಲಿಷಿನ ದೊಡ್ಡ ಪಿ, ಪಕ್ಕದಲ್ಲಿ ತಲೆಯ ಮೇಲೆ ಗೀರಿರುವ ಎ, ಆಮೇಲೆ ಪೌಂಡಿನ ಚಿಹ್ನೆ. ಇಪ್ಪತ್ತು ವರ್ಷ ಡಿಟಿಪಿ ಮಾಡಿದವಳಿಗೆ ಅದು ತಾಯಿನುಡಿ. ಪಿ ಮತ್ತು ಗೀರಿನ ಎ ಸೇರಿದರೆ 'ಕ'. ಪೌಂಡ್ ಕಂಡರೆ ಅದು 'ನ'. ನಿಮ್ಮ ಮೊದಲ ಸಾಲು 'ಕನ್ನಡ ನಾಡಿನ' ಅಂತ ಶುರುವಾಗುತ್ತದೆ, ನಾನು ಹಾಗೇ ಓದಿದೆ.

ನಿಮ್ಮ ತಂದೆ 'ನುಡಿ' ಅಥವಾ 'ಬರಹ' ಅನ್ನುವ ಕನ್ನಡ ತಂತ್ರಾಂಶದ ಹಳೇ ಆವೃತ್ತಿಯಲ್ಲಿ ಟೈಪ್ ಮಾಡಿದ್ದಾರೆ, ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ. ಆ ಪದ್ಧತಿಯಲ್ಲಿ ಫೈಲಿನೊಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳೇ, ಫಾಂಟು ಅವಕ್ಕೆ ಕನ್ನಡದ ಮುಖವಾಡ ತೊಡಿಸುತ್ತದೆ. ಹೊಸ ಲ್ಯಾಪ್‌ಟಾಪಿನಲ್ಲಿ ಆ ಫಾಂಟಿಲ್ಲ, ಮುಖವಾಡ ಬಿದ್ದಿದೆ. ಆ ಫಾಂಟು ಹಾಕಿಕೊಂಡರೆ ಕನ್ನಡ ಮೂಡುತ್ತದೆ. ಆದರೆ ಅಲ್ಲಿಗೇ ನಿಲ್ಲಬೇಡಿ, ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿ ಇನ್ನೊಂದು ಪ್ರತಿ ಇಟ್ಟುಕೊಳ್ಳಿ. ಅರ್ಕಾವತ್ತು, ಒತ್ತಕ್ಷರಗಳು ಕೆಲವು ಕಡೆ ಎಡವುತ್ತವೆ, ಕೂತು ಓದಿ ತಿದ್ದಬೇಕು. ಮೂಲ ಫೈಲನ್ನೂ ಹಾಗೇ ಇಟ್ಟಿರಿ. ಇಂಥ ಫೈಲುಗಳನ್ನು 'ಹಾಳಾಗಿದೆ' ಅಂತ ಅಳಿಸಿದ ಎರಡು ಮನೆಗಳನ್ನು ನಾನು ಬಲ್ಲೆ.

ಪ್ರಶ್ನೆ: ನಾನಿರುವುದು ನ್ಯೂಜೆರ್ಸಿಯಲ್ಲಿ, ಬಳಸುವುದು ಮ್ಯಾಕ್. ಧಾರವಾಡದ ಅಣ್ಣನಿಗೆ ಮನೆಯ ಹಳೇ ವಿಡಿಯೊಗಳನ್ನೆಲ್ಲ ಒಂದು ಎಸ್‌ಎಸ್‌ಡಿಯಲ್ಲಿ ಹಾಕಿ ಕೊಡಬೇಕು. ಅವನದು ವಿಂಡೋಸ್. ಮ್ಯಾಕ್‌ನ ಎಪಿಎಫ್‌ಎಸ್‌ನಲ್ಲಿ ಇದೆಲ್ಲ ತಾನಾಗಿ ನಡೆಯುತ್ತದೆ ಅಲ್ಲವೇ?

ಎಪಿಎಫ್‌ಎಸ್ ಅನ್ನುವುದು ಮ್ಯಾಕ್ ಫೈಲು ಜೋಡಿಸಿಡುವ ಪದ್ಧತಿ, ಅದು ತನ್ನ ಸೂಚಿಪುಟಕ್ಕೆ ಮಾತ್ರ ಹ್ಯಾಶಿನಂಥ ತಾಳೆಯ ಗುರುತು, ಅಂದರೆ ಚೆಕ್‌ಸಮ್ ಇಡುತ್ತದೆ, ನಿಮ್ಮ ವಿಡಿಯೊಗಳಿಗೆ ಇಡುವುದಿಲ್ಲ. ಒಳಗಿನ ಮಾಹಿತಿಗೂ ಇಟ್ಟು, ಓದುವಾಗಲೆಲ್ಲ ತಾಳೆ ನೋಡುವುದು ಝಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಥರದವು. ಅವನ್ನು ಅಣ್ಣನ ವಿಂಡೋಸಿಗೆ ಹಾಕಿದರೆ ಅದು ಕಣ್ಣುಕಣ್ಣು ಬಿಡುತ್ತದೆ. ಹಾಗಾಗಿ ಎಕ್ಸ್‌ಫ್ಯಾಟ್ ಅನಿವಾರ್ಯ.

ನಿಮಗೆ ಟರ್ಮಿನಲ್ (ಕಮಾಂಡು ಬರೆಯುವ ಕಿಟಕಿ) ಭಯವಿಲ್ಲ ಅಂದುಕೊಳ್ಳುತ್ತೇನೆ. ಕಾಪಿ ಮಾಡುವ ಮೊದಲೇ ಅಸಲು ಫೋಲ್ಡರಿನ ಎಲ್ಲ ಫೈಲುಗಳ ಶಾ-256 ತೆಗೆದು ಒಂದು ಪಠ್ಯಫೈಲಿಗೆ ಬರೆದುಕೊಳ್ಳಿ. ಆ ಪಟ್ಟಿಯನ್ನು ಎಸ್‌ಎಸ್‌ಡಿಯಲ್ಲೂ ಇಡಿ, ಅಣ್ಣನಿಗೆ ಇಮೇಲಿನಲ್ಲೂ ಕಳಿಸಿ. ಬ್ಯಾಗಿನಲ್ಲಿ ಸಮುದ್ರ ದಾಟಿದ ಮೇಲೆ ಅವರು ಅಲ್ಲಿ 7-ಜಿಪ್‌ನಲ್ಲಿ ಪಟ್ಟಿಯ ಜೊತೆ ತಾಳೆ ನೋಡಲಿ. ಸರಿಯಿದೆ ಅಂತ ಫೋನು ಬರುವವರೆಗೆ ನಿಮ್ಮ ಕಡೆಯದು ಹಾಗೇ ಇರಲಿ. ಪಟ್ಟಿ ಕೆಟ್ಟದ್ದನ್ನು ತೋರಿಸುತ್ತದೆಯೇ ಹೊರತು ಸರಿಮಾಡುವುದಿಲ್ಲ. ಸರಿಮಾಡುವುದೂ ಬೇಕಿದ್ದರೆ ಪಾರ್2 ಅಂತ ಒಂದು ವಿಧಾನ ಇದೆ, ನೂರಕ್ಕೆ ಹತ್ತರಷ್ಟು ಹೆಚ್ಚುವರಿ ಮಾಹಿತಿ ಜೊತೆಗಿಟ್ಟರೆ ಸುಮಾರು ಅಷ್ಟೇ ಪಾಲು ಕೆಟ್ಟರೂ ಮತ್ತೆ ಕಟ್ಟಿಕೊಡುತ್ತದೆ.

ಅಣ್ಣನಿಗೆ ಒಂದು ಮಾತು ಹೇಳಿ. ಎಸ್‌ಎಸ್‌ಡಿಯನ್ನು ಬೀರುವಿನಲ್ಲಿಟ್ಟು ಮರೆಯುವ ಹಾಗಿಲ್ಲ. ಅದು ಮಾಹಿತಿ ಹಿಡಿದಿಡುವುದು ವಿದ್ಯುತ್ ಕಣಗಳ ರೂಪದಲ್ಲಿ, ಕರೆಂಟಿಲ್ಲದೆ ವರ್ಷಗಟ್ಟಲೆ ಬಿಟ್ಟರೆ ಸೋರುತ್ತದೆ. ಜೆಡೆಕ್ ಸಂಸ್ಥೆಯ ಮಾನದಂಡದಲ್ಲಿ, ಬರೆಯುವ ಆಯಸ್ಸು ಪೂರ್ತಿ ತೀರಿದ ಸಾಮಾನ್ಯ ಎಸ್‌ಎಸ್‌ಡಿ 30 ಡಿಗ್ರಿಯಲ್ಲಿ 1 ವರ್ಷ ಮಾಹಿತಿ ಉಳಿಸಿಕೊಂಡರೆ ಪಾಸು. ಹೊಸದು ಇನ್ನೂ ಬಹಳ ಬಾಳುತ್ತದೆ, ಆದರೂ ದೀಪಾವಳಿಗೊಮ್ಮೆ ಹಾಕಿ ಪಟ್ಟಿಯ ಜೊತೆ ತಾಳೆ ನೋಡುವ ಅಭ್ಯಾಸ ಇರಲಿ.

ಕೊನೆಯದು ಪತ್ರವಲ್ಲ. ಇದನ್ನೆಲ್ಲ ಟೈಪ್ ಮಾಡಿಕೊಟ್ಟ ನಮ್ಮ ಅಂಗಡಿಯ ಹುಡುಗಿ ಕೇಳಿದಳು: 'ಅಕ್ಕಾ, ಆ ಕ್ಯಾಸೆಟ್ಟುಗಳು ಕೊನೆಗೆ ಏನಾದವು?'

40 ಫೈಲು ಡಿವಿಡಿಯಿಂದ ವಾಪಸು ಬಂದವು. ಕ್ಯಾಸೆಟ್ಟು ಇನ್ನೂ ಅಟ್ಟದಲ್ಲೇ ಇದ್ದದ್ದು 117, ಅವನ್ನು ಹೊಸ ರ‍್ಯಾಮು ಹಾಕಿ ಮತ್ತೊಂದು ಮಳೆಗಾಲ ಕೂತು ಮೊದಲಿನಿಂದ ಹಾಕಿದೆ. ಉಳಿದ 23ರ ಕ್ಯಾಸೆಟ್ಟುಗಳನ್ನು, ಕಂಪ್ಯೂಟರಿಗೆ ಹಾಕಿ ಆಯಿತಲ್ಲ ಅಂತ, ಯಾರೋ ಕೇಳಿದರೆಂದು ನಾನೇ ಕೊಟ್ಟುಬಿಟ್ಟಿದ್ದೆ. ಅವರು ಅದರ ಮೇಲೆ ಮಗಳ ಭರತನಾಟ್ಯದ ಹಾಡು ತುಂಬಿಸಿಕೊಂಡಿದ್ದರು. ಆ 23 ಫೈಲಿನಲ್ಲಿ ಟಕ್ ಕೇಳಿಸಿದ ಕಡೆ ಎಲ್ಲ ಆ ಬೈಟಿನಿಂದ 16 ಕಳೆದೆ. ಹಾಳಾದ ಬಗೆ ಗೊತ್ತಿದ್ದದ್ದಕ್ಕೆ ಅಷ್ಟಾದರೂ ಆಯಿತು. ಮದ್ದಳೆಯ ಸದ್ದಿನಲ್ಲಿ ಮುಳುಗಿದವು ಎಷ್ಟಿವೆಯೋ, ಇವೆ. ಶಲ್ಯ ಕರ್ಣನನ್ನು ಹಂಗಿಸುವ ಕಡೆ ಮಾತ್ರ ಒಂದು ಟಕ್ ಹಾಗೇ ಬಿಟ್ಟಿದ್ದೇನೆ. ಅಲ್ಲಿ 16 ಕಳೆದರೂ ಅದು ಹೋಗಲಿಲ್ಲ. ಯಾರೋ ಅಡಿಕೆ ಕತ್ತರಿಸಿದ ಸದ್ದಿರಬೇಕು, ಮುಂದಿನ ಸಾಲಿನಲ್ಲಿ ಕೂತವರು.